ಒಬ್ಬ ಸಹೋದರಿಗಾಗಿ

ಮಂಡಿಯೂರಿ ಕಣ್ಣು ಮುಚ್ಚಿದ ಕೂಡಲೇ ಅವನಿಗೆ ಬೆಣ್ಣೆಯ ವಾಸನೆ ಬಂತು. ಹೆಂಡತಿಯ ಕೂದಲಿನ ವಾಸನೆ ಅದು. ಬೇಕರಿಯಲ್ಲಿ ದಿನವಿಡೀ ಕೇಕಿನ ಮೇಲೆ ಕ್ರೀಮಿನ ಹೂವು ಬಿಡಿಸುವವಳ ಕೂದಲು, ಎಷ್ಟು ತೊಳೆದರೂ ವಾಸನೆ ಬಿಡದು. ಮಂಚದ ಮೇಲೆ ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮಲಗಿದ್ದಳೇ ಹೊರತು ನಿದ್ದೆ ಮಾಡುತ್ತಿಲ್ಲವೆಂಬುದನ್ನು ಅವಳ ಬೆನ್ನೇ ಹೇಳುತ್ತಿತ್ತು. ಇವತ್ತು ಆಸ್ಪತ್ರೆಯಲ್ಲಿ ರಿಪೋರ್ಟು ಕೊಡುತ್ತಾರೆ. ಎಡ ಎದೆಯಲ್ಲಿ ಕೈಗೆ ಸಿಕ್ಕಿದ ಗಂಟಿಗೆ ಸೂಜಿ ಹಾಕಿ ಏನನ್ನೋ ಎಳೆದು ಪರೀಕ್ಷೆಗೆ ಕಳಿಸಿದ್ದರು. ಅದು ಕೆಟ್ಟದ್ದೋ ಅಲ್ಲವೋ ಎಂದು ಇವತ್ತು ತಿಳಿಯುತ್ತದೆ. ನಿನ್ನೆ ಸಂಜೆ ಪಾತ್ರೆ ಒರೆಸುತ್ತಾ ಅವಳು ಹೆಚ್ಚೇನೂ ಕೇಳಿರಲಿಲ್ಲ. "ಜೊತೆಗೆ ಬನ್ನಿ. ಮತ್ತೆ ಯಾರಿಗೂ ಹೇಳ್ಬೇಡಿ ರೀ. ಏನೂಂತ ಗೊತ್ತಾಗೋವರೆಗೂ ನಮ್ಮಕ್ಕನಿಗೂ ಬೇಡ." ಅವನು ತಲೆಯಾಡಿಸಿದ್ದ. ತಲೆಯಾಡಿಸಿ ಸುಮ್ಮನಿದ್ದರೆ ಆಗುತ್ತಿತ್ತು; ಸುಮ್ಮನಿರುವುದನ್ನು ಯಾರು ಕಲಿಸಿದ್ದಾರೆ? "ನಿನಗೋಸ್ಕರ ನಾಳೆ ಉಪವಾಸ ಇರ್ತೀನಿ. ನೀರೂ ಮುಟ್ಟಲ್ಲ" ಎಂದು ಸೇರಿಸಿದ. ಅವಳು ಒರೆಸುವ ಬಟ್ಟೆ ಕೆಳಗಿಟ್ಟು, "ನಾನು ಕೇಳಿದ್ದು ಜೊತೆಗೆ ಬನ್ನಿ ಅಂತ. ಹೊಟ್ಟೆ ತುಂಬಾ ತಿಂದೇ ಬನ್ನಿ" ಎಂದಿದ್ದಳು. ವಿಶ್ವಾಸ ಕಡಿಮೆ ಇವಳಿಗೆ ಎಂದು ಆಗ ಅಂದುಕೊಂಡದ್ದನ್ನೇ ಈಗಲೂ, ಮಂಡಿಯ ಕೆಳಗಿನ ನೆಲದ ತಂಪು ಮೂಳೆಗೆ ಹತ್ತುತ್ತಿರುವಾಗ, ಪ್ರೀತಿಯಿಂದಲೇ ಅಂದುಕೊಂಡ.

ಮಂಡಿಯೂರುವುದು ಕೂಡ ಅಭ್ಯಾಸದಿಂದ ಬಂದದ್ದು. ಮೊದಲು ಅವನ ಹೊಟ್ಟೆ ಅದಕ್ಕೆ ಒಪ್ಪುತ್ತಿರಲಿಲ್ಲ. ಕನ್ನಡಕದ ಅಂಗಡಿಯಲ್ಲಿ ಗಿರಾಕಿಯ ಮೂಗಿನ ಮೇಲೆ ಪರೀಕ್ಷೆಯ ಫ್ರೇಮು ಕೂರಿಸಲು ಬಗ್ಗಿದರೆ ಅವನ ಮುಖಕ್ಕಿಂತ ಮೊದಲು ಹೊಟ್ಟೆ ಹೋಗಿ ಗಿರಾಕಿಯನ್ನು ಮುಟ್ಟುತ್ತಿತ್ತು. ಒಬ್ಬ ಮುದುಕಿ, "ಅಪ್ಪಾ, ಅಕ್ಷರ ಆಮೇಲೆ ಓದ್ತೀನಿ, ಮೊದಲು ಈ ದಿಂಬು ತೆಗಿ" ಎಂದಿದ್ದಳು. ಅಂಗಡಿಯೆಲ್ಲ ನಕ್ಕಿತ್ತು, ಅವನೂ ನಕ್ಕಿದ್ದ, ಆ ನಗು ಮಾತ್ರ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಉಳಿದಿತ್ತು. ಅದೇ ವಾರ ಪಾಸ್ಟರು ದೇಹವೇ ದೇವಾಲಯ ಎಂಬುದರ ಮೇಲೆ ಪ್ರಸಂಗ ಮಾಡಿದರು. ಬೆಳಿಗ್ಗೆ ಬೇಗ ಏಳುವುದು, ಮಂಡಿಯೂರುವುದು, ಚರ್ಚಿನ ಸಭೆಯವರೊಂದಿಗೆ ಮೈದಾನದಲ್ಲಿ ನಡೆಯುವುದು, ಸಕ್ಕರೆ ಬಿಡುವುದು, ವಾರಕ್ಕೊಮ್ಮೆ ಉಪವಾಸ. ಅವನು ಎಲ್ಲವನ್ನೂ ಹಿಡಿದ. ಹಿಡಿದದ್ದನ್ನು ಎಲ್ಲರಿಗೂ ಹೇಳಿದ. ಬಂದ ಗಿರಾಕಿಗೆ ಚಹಾ ತರಿಸಿದರೆ "ನನಗೆ ಸಕ್ಕರೆ ಇಲ್ಲದ್ದು" ಎನ್ನುವಾಗ, ಯಾಕೆ ಎಂದು ಗಿರಾಕಿ ಕೇಳುವುದಕ್ಕೆ ಬೇಕಾದಷ್ಟು ಜಾಗ ಬಿಟ್ಟು ಮಾತು ನಿಲ್ಲಿಸುವುದನ್ನೂ ಕಲಿತ. ಹೊಟ್ಟೆ ಇಳಿಯಿತು, ಸುಳ್ಳಲ್ಲ. ಇಳಿದ ಹೊಟ್ಟೆಯ ಜಾಗದಲ್ಲಿ ಇನ್ನೇನೋ ಬೆಳೆಯುತ್ತಿದೆಯೆಂದು ಹೆಂಡತಿ ಒಮ್ಮೆ ಅಂದಿದ್ದಳು. ಏನು ಎಂದು ಅವನು ಕೇಳಲಿಲ್ಲ. ಒಂದು ರಾತ್ರಿ ಊಟವಾದ ಮೇಲೆ, ಅವಳು ಬೇಕರಿಯಿಂದ ತಂದಿದ್ದ ಮುರುಕು ಕೇಕನ್ನು ತಾನೊಬ್ಬಳೇ ಕಿಟಕಿಯ ಹತ್ತಿರ ನಿಂತು ತಿನ್ನುತ್ತಿದ್ದಾಗ, ಅವನು "ನಿನ್ನ ದೇಹವೂ ದೇವಾಲಯವೇ" ಎಂದಿದ್ದ. ಅವಳು ಬೆರಳು ನೆಕ್ಕಿಕೊಂಡು, "ಇರಲಿ ಬಿಡಿ, ನನ್ನ ದೇವರಿಗೆ ಕೇಕು ಇಷ್ಟ" ಎಂದಿದ್ದಳು. ಗಂಟು ಆಗಲೇ ಇತ್ತೇ? ಗಂಟು ಇದ್ದ ಎದೆಯ ಮುಂದೆ ನಿಂತು ಅವನು ಸಕ್ಕರೆಯ ಬಗ್ಗೆ ಮಾತಾಡಿದನೇ? ಕರ್ತನೇ, ಎಂದು ಪ್ರಾರ್ಥನೆಗೆ ಮರಳಿದ. ಆದರೆ ಕೇಳಲು ಯಾರೂ ಇಲ್ಲದ ಕೋಣೆಯಲ್ಲಿ ಇತ್ತೀಚೆಗೆ ಅವನಿಗೆ ವಾಕ್ಯಗಳೇ ಕೂಡಿಬರುತ್ತಿರಲಿಲ್ಲ.

ಬೂಟು ಕಟ್ಟಿಕೊಳ್ಳುವಾಗ ಮಂಚದಿಂದ ಧ್ವನಿ ಬಂತು. "ಇವತ್ತೂ ಹೋಗ್ತೀರಾ?"

"ಹೀಗೆ ಹೋಗಿ ಹಾಗೆ ಬಂದುಬಿಡ್ತೀನಿ ಕಣೇ. ಅಭ್ಯಾಸ ತಪ್ಪಬಾರದು."

"ತಪ್ಪಿದ್ರೆ ಏನಾಗತ್ತೆ?"

"ಡ್ರಿಲ್ ಮಾಸ್ಟರು ಹೇಳಲ್ವಾ, ಒಂದಿನ ತಪ್ಪಿಸಿದೋನು ಸೈತಾನನಿಗೆ ಕುರ್ಚಿ ಹಾಕಿಕೊಟ್ಟ ಹಾಗೆ ಅಂತ."

"ಕೂತ್ಕೊಳ್ಳಲಿ ಬಿಡಿ ಪಾಪ. ಇವತ್ತು ನನ್ನ ಹತ್ರ ಯಾರಾದ್ರೂ ಕೂತ್ಕೊಂಡ್ರೆ ಸಾಕಾಗಿದೆ."

ಅವನು ನಕ್ಕ. ತಮಾಷೆಯ ಮಾತು ಎಂದೇ ತೆಗೆದುಕೊಂಡ. ಮೆಟ್ಟಿಲಿಳಿದು ಬೀದಿಗೆ ಬಂದ ಮೇಲೆ ಅದು ತಮಾಷೆಯಾಗಿರಲಿಲ್ಲವೇನೋ ಅನ್ನಿಸಿ ಹೆಜ್ಜೆ ಸಡಿಲವಾಯಿತು, ಆದರೆ ಆ ಹೊತ್ತಿಗೆ ಮೈದಾನದ ಗೇಟು ಕಾಣುತ್ತಿತ್ತು, ಗೇಟಿನಲ್ಲಿ ಸೀಟಿಯನ್ನು ಕೊರಳಿಗೆ ಹಾಕಿಕೊಂಡ ಡ್ರಿಲ್ ಮಾಸ್ಟರು ಕಾಣುತ್ತಿದ್ದರು. ಶಾಲೆಯಿಂದ ನಿವೃತ್ತರಾಗಿ ಎಷ್ಟೋ ಕಾಲವಾದರೂ ಸೀಟಿ ನಿವೃತ್ತವಾಗಿರಲಿಲ್ಲ. ಸಭೆಯ ನಡಿಗೆಗೆ ಅವರೇ ನಾಯಕರು. ಅವರ ಹಿಂದೆ ಪಾಸ್ಟರಮ್ಮ, ಪಾಸ್ಟರ ಹೆಂಡತಿ, ತೋಳಿನಡಿ ಹಾಡಿನ ಪುಸ್ತಕ ಇಟ್ಟುಕೊಂಡೇ ನಡೆಯುವವರು. ಅವರ ಅಕ್ಕಪಕ್ಕ ಸಭೆಯ ಅಕ್ಕಂದಿರು. ಹಿಂದೆ ಏದುಸಿರು ಬಿಡುವ ಗಂಡಸರು. "ಬನ್ನಿ ಬ್ರದರ್, ಮುಖ ಯಾಕೆ ಒಣಗಿದೆ?" ಎಂದರು ಮಾಸ್ಟರು. "ಇವತ್ತು ಉಪವಾಸ" ಎಂದ ಅವನು, ಹೇಳಬೇಕಾಗಿ ಬಂತಲ್ಲ ಎಂಬ ಸಂಕೋಚದ ಧ್ವನಿಯಲ್ಲಿ. ಆ ಧ್ವನಿಗೂ ಒಳ್ಳೆಯ ಅಭ್ಯಾಸವಾಗಿತ್ತು. "ನೋಡಿ, ನೋಡಿ ಕಲೀರಿ" ಎಂದು ಮಾಸ್ಟರು ಹಿಂದಿನವರಿಗೆ ಹೇಳಿದರು. ಹಿಂದಿನವರಲ್ಲೊಬ್ಬ, "ನಾನೂ ಉಪವಾಸಾನೇ ಮಾಸ್ಟ್ರೇ, ಎರಡು ಊಟದ ಮಧ್ಯೆ" ಎಂದ. ನಕ್ಕರು. ನಡೆದರು.

ನಡಿಗೆ ಮುಗಿದ ಮೇಲೆ ಮೈದಾನದ ಮೂಲೆಯಲ್ಲಿ ವೃತ್ತವಾಗಿ ನಿಂತು ಒಬ್ಬೊಬ್ಬರಾಗಿ ಗಟ್ಟಿಯಾಗಿ ಪ್ರಾರ್ಥಿಸುವುದು ಪದ್ಧತಿ. ಕಣ್ಣು ಮುಚ್ಚಿರಬೇಕು. ಇನ್ನೊಬ್ಬರ ಪ್ರಾರ್ಥನೆಯ ನಡುವೆ ಬಾಯಿ ಹಾಕಬಾರದು, "ಕರ್ತನೇ" ಎಂದು ಮೆಲ್ಲಗೆ ಒತ್ತಾಸೆ ಕೊಡಬಹುದು. ಒಳ್ಳೆಯ ಪ್ರಾರ್ಥನೆಗೆ ಹೆಚ್ಚು ಕರ್ತನೇಗಳು ಬೀಳುತ್ತವೆ, ಸಪ್ಪೆ ಪ್ರಾರ್ಥನೆಗೆ ಕೆಮ್ಮು. ಮೊದಮೊದಲು ಅವನಿಗೆ ಬರೀ ಕೆಮ್ಮೇ ಬಿದ್ದಿತ್ತು. "ದೇವರೇ, ಎಲ್ಲರಿಗೂ ಒಳ್ಳೇದು ಮಾಡು" ಎಂದು ಬೆವರಿ ನಿಂತುಬಿಡುತ್ತಿದ್ದ. ಡ್ರಿಲ್ ಮಾಸ್ಟರು ಪಕ್ಕಕ್ಕೆ ಕರೆದು, "ಬ್ರದರ್, ದೇವರ ಹತ್ರ ಹೀಗೆ ಮೊಗಮ್ಮಾಗಿ ಮಾತಾಡಿದ್ರೆ ಹೇಗೆ? ಡಾಕ್ಟ್ರ ಹತ್ರ ಹೋಗಿ ಎಲ್ಲೋ ನೋವು ಅಂತೀರಾ? ಎಲ್ಲಿ, ಯಾವ ಕಡೆ, ಬಿಡಿಸಿ ಹೇಳಿ" ಎಂದಿದ್ದರು. ಅಂದಿನಿಂದ ಅವನು ಬಿಡಿಸಿ ಹೇಳಲು ಕಲಿತ. ಇಲ್ಲಿ ಎಲ್ಲರೂ ಕಲಿತದ್ದೇ ಅದನ್ನು. ಯಾರ ಮಗ ಪರೀಕ್ಷೆಯಲ್ಲಿ ನಕಲು ಹೊಡೆದ, ಯಾರ ಸೊಸೆ ತವರಿಗೆ ಹೋಗಿ ಕೂತಳು, ಯಾವ ಸಹೋದರ ಬಾಟಲಿಯನ್ನು ಎಲ್ಲಿ ಬಚ್ಚಿಡುತ್ತಾನೆ, ಎಲ್ಲವೂ ದೇವರ ಕಿವಿಗೆಂದು ಹೊರಟು ದಾರಿಯಲ್ಲಿ ಉಳಿದವರ ಕಿವಿಗೂ ಬಿದ್ದು ಹೋಗುತ್ತಿದ್ದವು. ಕಟ್ಟೆಯ ಮೇಲೆ ಕೂತು ಆಡಿದರೆ ಚಾಡಿ. ಕಣ್ಣು ಮುಚ್ಚಿ ನಿಂತು ಆಡಿದರೆ ಮಧ್ಯಸ್ಥಿಕೆಯ ಪ್ರಾರ್ಥನೆ.

ಅವನ ಸರದಿ ಬಂದಾಗ ಹೊಟ್ಟೆಯೊಳಗೆ ಖಾಲಿ ಡಬ್ಬದ ಹಗುರವಿತ್ತು. ಆ ಹಗುರದಲ್ಲಿ ಮಾತು ತಾನಾಗಿ ತೇಲಿ ಬರುತ್ತದೆಂದು ಅವನಿಗೆ ಗೊತ್ತಿತ್ತು. "ಕೃಪೆಯುಳ್ಳ ತಂದೆಯೇ, ಈ ಹೊತ್ತಿನಲ್ಲಿ ಒಬ್ಬ ಸಹೋದರಿಗಾಗಿ ನಿನ್ನ ಪಾದಕ್ಕೆ ಬರುತ್ತೇನೆ." ಒಬ್ಬ ಸಹೋದರಿ. ಅಷ್ಟೇ. ಹೆಸರು ಹೇಳುವುದಿಲ್ಲವಲ್ಲ. "ಆಕೆ ಯಾರೆಂದು ನಿನಗೆ ಗೊತ್ತು." ಕರ್ತನೇ, ಎಂದು ಪಾಸ್ಟರಮ್ಮ ಒತ್ತಾಸೆ ಕೊಟ್ಟರು, ಆ ಕರ್ತನೇಯಲ್ಲಿ ನಮಗೆ ಯಾವಾಗ ಗೊತ್ತಾಗುವುದು ಎಂಬ ಸಣ್ಣ ಎಳೆತವಿತ್ತು. "ಇವತ್ತೇ ಆಕೆಯ ಕೈಗೆ ರಿಪೋರ್ಟು ಬರಲಿದೆ." ಕರ್ತನೇ, ಕರ್ತನೇ. ನಾಲ್ಕೈದು ಬಾಯಿ. ನಿಲ್ಲಿಸು ಎಂದು ಒಳಗಿನಿಂದ ಒಂದು ಧ್ವನಿ, ಹೆಂಡತಿಯ ಧ್ವನಿಯೇ, ಪಾತ್ರೆಗಳ ಸದ್ದಿನ ನಡುವಿನಿಂದ ಹೇಳಿತು. ಆದರೆ ಅವನ ಗಂಟಲು ಆಗಲೇ ತುಂಬಿ ಬಂದಿತ್ತು, ತುಂಬಿದ ಗಂಟಲಿನ ಧ್ವನಿ ಎಷ್ಟು ಚೆನ್ನಾಗಿದೆಯೆಂದು ಅವನೇ ಕೇಳಿಸಿಕೊಳ್ಳುತ್ತಿದ್ದ, ಮತ್ತು ಬಿಡಿಸಿ ಹೇಳದಿದ್ದರೆ ದೇವರಿಗೆ ಅಡ್ರೆಸ್ಸು ತಪ್ಪಿ ಬೇರೆ ಯಾರ ಗಂಟನ್ನೋ ಕರಗಿಸಿಬಿಟ್ಟರೆ? "ಕರ್ತನೇ, ಆಕೆಯ ಎಡ ಎದೆಯಲ್ಲಿರುವ ಆ ಗಂಟನ್ನು ನೋಡು. ಕೇಕಿನ ಮೇಲೆ ಹೂವು ಬಿಡಿಸುವ ಆ ಕೈಗಳನ್ನು ನೋಡು. ರಾತ್ರಿ ನನ್ನ ಪಕ್ಕದಲ್ಲೇ ಆಕೆ ನಿದ್ದೆಯಿಲ್ಲದೆ ಹೊರಳುವುದನ್ನು ನೋಡು." ಅಳಿಯ ಅಲ್ಲ, ಮಗಳ ಗಂಡ ಎಂದ ಹಾಗಾಯಿತು. ವೃತ್ತ ಹುಯ್ಯಲಿಟ್ಟಿತು. ಇಷ್ಟು ಕರ್ತನೇಗಳು ಡ್ರಿಲ್ ಮಾಸ್ಟರಿಗೂ ಬಿದ್ದಿರಲಿಲ್ಲ. ಆ ಸದ್ದು ಬಿಸಿನೀರಿನಂತೆ ಬೆನ್ನ ಮೇಲೆ ಇಳಿಯಿತು, ಅವನು ಅದರ ಕೆಳಗೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತೇ ನಿಂತ. ಆಮೆನ್.

ಕಣ್ಣು ಬಿಟ್ಟಾಗ ಎಲ್ಲರೂ ಅವನನ್ನು ನೋಡುತ್ತಿದ್ದರು, ನೋಡದವರ ಹಾಗೆ. ಗಂಡಸರು ನೆಲ ನೋಡಿದರು. ಅವರಲ್ಲೊಬ್ಬನ ಮುಖದ ಮೇಲೆ, ಬೇಕರಿಯ ಗಾಜಿನ ಹಿಂದೆ ನಿಲ್ಲುವ ಹೆಂಗಸನ್ನು ನೆನಪಿಗೆ ತಂದುಕೊಂಡು ಅವಳ ಎದೆಯನ್ನು ಹುಡುಕುತ್ತಿರುವ ಭಾವವನ್ನು ಅವನು ಸ್ಪಷ್ಟವಾಗಿ ಕಂಡ. ಪಾಸ್ಟರಮ್ಮ ಆಗಲೇ ಸ್ಕೂಟರಿನ ಕೀ ಹುಡುಕುತ್ತಿದ್ದರು.

"ಅಮ್ಮನವರೇ, ಅವಳು ಯಾರಿಗೂ ಹೇಳ್ಬೇಡಿ ಅಂದಿದ್ಲು..."

"ಅಯ್ಯೋ, ನಾನು ಯಾರಿಗೆ ಹೇಳಲಿ? ಸುಮ್ಮನೆ ಹೋಗಿ ತಬ್ಕೊಂಡು ಬರ್ತೀನಿ. ಬಾರೇ, ಹತ್ತು" ಎಂದು ಒಬ್ಬ ಅಕ್ಕನನ್ನು ಹಿಂದೆ ಕೂರಿಸಿಕೊಂಡು ಹೊರಟೇಬಿಟ್ಟರು. ಇನ್ನೊಂದು ಸ್ಕೂಟರು ಅವರ ಬೆನ್ನಿಗೇ ಹೊರಟಿತು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಅವನ ಅಜ್ಜಿ ಹೇಳುತ್ತಿದ್ದಳು. ಆದರೆ ಅಜ್ಜಿ ಇಡೀ ಬದುಕಿನಲ್ಲಿ ಒಂದು ದಿನವೂ ವೃತ್ತದಲ್ಲಿ ನಿಂತವಳಲ್ಲ. ಅವನು ಓಡಿದ. ಇಷ್ಟು ಕಾಲದ ನಡಿಗೆಯಲ್ಲಿ ಒಮ್ಮೆಯೂ ಓಡಿರದವನು ಎರಡು ಬೀದಿಗಳಷ್ಟು ದೂರ ಓಡಿದ. ಹಿಂದಿನಿಂದ ಸೀಟಿ ಕೇಳಿಸಿತು, ಅದರ ಬೆನ್ನಿಗೆ ಮಾಸ್ಟರ ಧ್ವನಿ: "ಭೇಷ್ ಬ್ರದರ್! ಮೊಣಕಾಲು ಮೇಲೆತ್ತಿ!"

ಮನೆ ಬಾಗಿಲಲ್ಲಿ ಬೇರೆಯವರ ಚಪ್ಪಲಿಗಳಿದ್ದವು. ಒಳಗೆ ಹೆಂಡತಿ ಕುರ್ಚಿಯ ಮೇಲೆ ಕೂತಿದ್ದಳು, ಸ್ನಾನ ಮಾಡಿ ಬಂದವಳು, ಒದ್ದೆ ತಲೆಗೆ ಟವೆಲ್ಲು, ಕೈಯಲ್ಲಿ ಬಾಚಣಿಗೆ. ಟವೆಲ್ಲಿನ ಮೇಲೆ ಮೂರ್ನಾಲ್ಕು ಹಸ್ತಗಳು. ಪಾಸ್ಟರಮ್ಮ ಕಣ್ಣು ಮುಚ್ಚಿ ಅಳುತ್ತಾ ಪ್ರಾರ್ಥಿಸುತ್ತಿದ್ದರು. ಎಲ್ಲರ ಕಣ್ಣೂ ಮುಚ್ಚಿತ್ತು, ಅವಳದೊಂದು ಬಿಟ್ಟು. ಆ ಕೈಗಳ ಕೆಳಗಿನಿಂದ ಅವಳು ಅವನನ್ನು ನೋಡಿದಳು. ಸಿಟ್ಟಿದ್ದರೆ ಅವನಿಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ಅದು, ಬಸ್ಸಿನಲ್ಲಿ ಯಾರೋ ಕಾಲು ತುಳಿದಾಗ ತುಳಿದವನು ಯಾರೆಂದು ತಿರುಗಿ ನೋಡುವ ನೋಟ. ಆಮೆನ್ ಆದ ಮೇಲೆ ಒಬ್ಬ ಅಕ್ಕ ಮೂಗೊರೆಸಿಕೊಂಡು, "ಹೆದರ್ಬೇಡ ತಂಗಿ. ನಮ್ಮತ್ತೆ ತಂಗೀಗೂ ಹೀಗೇ ಆಗಿತ್ತು, ಎಡಗಡೆನೇ" ಎಂದಳು.

"ಈಗ ಹೇಗಿದ್ದಾರೆ?" ಎಂದಳು ಹೆಂಡತಿ.

ಅಕ್ಕ ಪಾಸ್ಟರಮ್ಮನ ಮುಖ ನೋಡಿದಳು. "ಬಿಡು, ಈಗ ಅದೆಲ್ಲ ಯಾಕೆ."

"ಕಾಫಿ ಮಾಡ್ತೀನಿ, ಕೂತ್ಕೊಳ್ಳಿ" ಎಂದು ಹೆಂಡತಿ ಎದ್ದಳು. ಅವರು ಬೇಡ ಬೇಡ ಎನ್ನುತ್ತಲೇ ಕೂತರು, ಕುಡಿದರು, ಬೇಕರಿಯ ಬಿಸ್ಕತ್ತು ಚೆನ್ನಾಗಿದೆ ಎಂದರು. ಅವನು ಬಾಗಿಲಿಗೆ ಒರಗಿ ಉಪವಾಸ ನಿಂತಿದ್ದ. "ನಿನ್ನ ಗಂಡ ಎಂಥಾ ಪ್ರಾರ್ಥನೆ ಮಾಡಿದ್ರು ಗೊತ್ತಾ? ಕಲ್ಲೂ ಕರಗಬೇಕು" ಎಂದರು ಪಾಸ್ಟರಮ್ಮ. "ಹೌದಾ?" ಎಂದಳು ಅವಳು, ಲೋಟಗಳನ್ನು ಒಂದರೊಳಗೊಂದು ಇಡುತ್ತಾ. "ನನಗೆ ಕೇಳಿಸೋ ಭಾಗ್ಯ ಇರಲಿಲ್ಲ."

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಕೂತಳು. ಅವನು ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ವಾಕ್ಯಗಳನ್ನು ಜೋಡಿಸಿ ನೋಡಿದ. ಅಂಗಡಿಯಲ್ಲಿ ಗಿರಾಕಿಯ ಕಣ್ಣಿನ ಮುಂದೆ ಗಾಜು ಬದಲಿಸುತ್ತಾ, ಇದು ಸ್ಪಷ್ಟವಾ, ಇದು ಸ್ಪಷ್ಟವಾ ಎಂದು ಕೇಳುವ ಹಾಗೆ ತನ್ನನ್ನೇ ಬೇರೆ ಬೇರೆ ಗಾಜಿನಲ್ಲಿ ಇಟ್ಟುಕೊಂಡ: ಪ್ರೀತಿಯಿಂದ ಬಾಯಿ ತಪ್ಪಿದ ಗಂಡ; ಭಾರ ಹೊರಲಾರದೆ ದೇವರ ಮುಂದೆ ಕುಸಿದ ವಿಶ್ವಾಸಿ. ಯಾವ ಗಾಜಿನಲ್ಲೂ ಆ ಕರ್ತನೇಗಳ ಬಿಸಿನೀರು ಮರೆಯಾಗಲಿಲ್ಲ.

"ನಾನು ಹೇಳಿದ್ದು ದೇವರಿಗೆ ಕಣೇ" ಎಂದ ಕೊನೆಗೆ.

"ಮನೇಲೇ ಹೇಳಬಹುದಿತ್ತು. ದೇವರೇನು ಮೈದಾನದಲ್ಲಿ ವಾಕಿಂಗ್ ಬರ್ತಾನಾ?"

"ಎಲ್ಲರೂ ಸೇರಿ ಬೇಡಿದ್ರೆ ಬಲ ಜಾಸ್ತಿ..."

"ಬಾಗಿಲು ಹಾಕ್ಕೊಂಡು ಬೇಡಿ ಅಂತಲ್ವಾ ನಮ್ಗೆ ಸಂಡೇ ಸ್ಕೂಲಲ್ಲಿ ಹೇಳಿಕೊಟ್ಟಿದ್ದು?" ಅವಳ ಧ್ವನಿ ಏರಲಿಲ್ಲ. "ರೀ, ನನಗೆ ಭಯ ಆಗಿತ್ತು. ಆ ಭಯ ನನ್ನದು, ನನ್ನ ಹತ್ರಾನೇ ಇರಲಿ ಅಂತಿದ್ದೆ. ನಿಮಗೆ ಸ್ವಲ್ಪ ತೋರಿಸಿದೆ. ನೀವು ತಗೊಂಡು ಹೋಗಿ ಹಂಚಿಬಿಟ್ರಿ." ಮುಂದಿನ ಸೀಟಿನ ಮಗು ಹಿಂದಕ್ಕೆ ತಿರುಗಿ ಅವಳನ್ನು ನೋಡಿ ನಕ್ಕಿತು. ಅವಳೂ ಅದಕ್ಕೆ ನಕ್ಕಳು. ಅವನಿಗೆ ಆ ಮಗುವಿನ ಮೇಲೆ ಹೊಟ್ಟೆಕಿಚ್ಚಾಯಿತು.

ಆಸ್ಪತ್ರೆಯ ಕಾರಿಡಾರಿನಲ್ಲಿ ಬೆಂಚುಗಳು ತುಂಬಿದ್ದವು. ಅವಳಿಗೆ ಒಂದು ಜಾಗ ಸಿಕ್ಕಿತು, ಅವನು ಪಕ್ಕದಲ್ಲಿ ನಿಂತ. ಒಳಗೆ ಹೋಗುವಾಗ ಅವಳ ಭುಜ ಹಿಡಿದುಕೊಳ್ಳುತ್ತೇನೆ, ಡಾಕ್ಟರು ಏನೇ ಹೇಳಲಿ ನಾನೇ ಮೊದಲು ಕೇಳಿಸಿಕೊಳ್ಳುತ್ತೇನೆ, ಬೆಳಗಿನದೆಲ್ಲ ಅಲ್ಲಿಗೆ ತೊಳೆದುಹೋಗುತ್ತದೆ. ಔಷಧಿಯ ವಾಸನೆ, ಯಾರದೋ ಬ್ಯಾಗಿನ ಕಿತ್ತಳೆಯ ವಾಸನೆ. ಎದುರು ಗೋಡೆಯ ಬೋರ್ಡಿನ ಅಕ್ಷರಗಳು ಕೆಳಗಿನ ಸಾಲಿನಿಂದ ಮಸುಕಾಗತೊಡಗಿದವು. ಕಣ್ಣಿನ ಪವರ್ ಬದಲಾಗಿದೆ, ಎಂದುಕೊಂಡ ಅವನು, ಕಸುಬಿನ ಅಭ್ಯಾಸದಿಂದ. ಆಮೇಲೆ ದೊಡ್ಡ ಅಕ್ಷರಗಳೂ ಹೋದವು. ಓಟದ ಬೆವರು, ಒಣಗಿದ ನಾಲಿಗೆ, ಖಾಲಿ ಡಬ್ಬ. ಮೊಣಕಾಲುಗಳು ಯಾರ ಅಪ್ಪಣೆಯೂ ಇಲ್ಲದೆ ಮಡಚಿಕೊಂಡವು.

ಎಚ್ಚರವಾದಾಗ ಅವನು ಗಾಲಿ ಕುರ್ಚಿಯಲ್ಲಿದ್ದ. ಬೂಟು ಬಿಚ್ಚಿದ ಕಾಲುಗಳು ಒಂದು ಸ್ಟೂಲಿನ ಮೇಲೆ. ಕಾರಿಡಾರಿನ ರೋಗಿಗಳೆಲ್ಲ ತಮ್ಮ ರೋಗ ಮರೆತು ಅವನನ್ನು ನೋಡುತ್ತಿದ್ದರು. ಗಟ್ಟಿಮುಟ್ಟಾದ ನರ್ಸೊಬ್ಬಳು ಸಕ್ಕರೆ ನೀರಿನ ಲೋಟ ಹಿಡಿದು ನಿಂತಿದ್ದಳು. "ಬೆಳಿಗ್ಗೆ ಏನು ತಿಂದಿದ್ರಿ?"

"ಉಪವಾಸ..."

"ಖಾಲಿ ಹೊಟ್ಟೆಲಿ ಬನ್ನಿ ಅಂದಿದ್ರಾ? ಯಾವ ಟೆಸ್ಟಿಗೆ?"

"ಟೆಸ್ಟು ಇವಳದು" ಎಂದ, ಹೆಂಡತಿಯನ್ನು ತೋರಿಸಿ.

ನರ್ಸು ಅವಳನ್ನು ನೋಡಿದಳು, ಅವನನ್ನು ನೋಡಿದಳು. "ಕಾಯಿಲೆ ಒಬ್ರಿಗೆ, ಪಥ್ಯ ಇನ್ನೊಬ್ರಿಗೆ. ಚೆನ್ನಾಗಿದೆ ಸಂಸಾರ. ಬಾಯಿ ತೆಗೀರಿ."

ಅವನು ತೆಗೆದ. ಎಷ್ಟೋ ಕಾಲದಿಂದ ಮುಟ್ಟದ ಸಕ್ಕರೆ ನಾಲಿಗೆಯ ಮೇಲೆ ಹರಡಿದಾಗ ಅವನ ಇಡೀ ದೇವಾಲಯ ಸಂತೋಷದಿಂದ ನಡುಗಿತು. ಇನ್ನೊಂದು ಗುಟುಕು, ಇನ್ನೊಂದು. ಬಾಗಿಲು ತೆರೆದು ಯಾರೋ ಹೆಂಡತಿಯ ಹೆಸರು ಕೂಗಿದರು. ಅವನು ಏಳಲು ಹೋದ. ನರ್ಸು ಒಂದೇ ಕೈಯಲ್ಲಿ ಅವನನ್ನು ಕುರ್ಚಿಗೆ ಅದುಮಿದಳು. "ಎಲ್ಲಿಗೆ? ಮತ್ತೆ ಬಿದ್ರೆ ಎತ್ತೋರು ಯಾರು?" ಹೆಂಡತಿ ತನ್ನ ಕೈಲಿದ್ದ ಅವನ ಬೂಟುಗಳನ್ನು ಬೆಂಚಿನ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ಒಳಗೆ ಹೋದಳು. ಒಬ್ಬಳೇ. ಬಾಗಿಲು ಮುಚ್ಚಿತು. ಅವನು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಾಗಿಲು ನೋಡಿದ. ತಳದಲ್ಲಿ ಕರಗದೆ ಉಳಿದ ಸಕ್ಕರೆಯಿತ್ತು. ಅದನ್ನು ಬೆರಳಿನಿಂದ ತೆಗೆದು ತಿಂದ ಮೇಲೆಯೇ ತಾನೇನು ಮಾಡಿದೆನೆಂದು ತಿಳಿದದ್ದು.

ಅವಳು ಹೊರಗೆ ಬಂದಾಗ ಅವನು ಮುಖ ಓದಲು ನೋಡಿದ. ಅತ್ತಿರಲಿಲ್ಲ. ನಕ್ಕಿರಲಿಲ್ಲ. ಫೈಲನ್ನು ಬ್ಯಾಗಿಗೆ ಹಾಕಿ ಜಿಪ್ಪು ಎಳೆದಳು.

"ಏನಂದ್ರು?"

"ಏಳೋಕಾಗತ್ತಾ?"

"ಏನಂದ್ರು ಹೇಳೇ!"

"ಹೇಳ್ತೀನಿ. ನನಗೆ ಹೇಳಬೇಕು ಅನ್ನಿಸಿದಾಗ."

"ನಾನು ನಿನ್ನ ಗಂಡ ಕಣೇ. ನನಗೆ ಹೇಳದೆ ಇನ್ಯಾರಿಗೆ ಹೇಳ್ತೀಯ?"

"ನಿಮಗೆ ಹೇಳಿದ್ರೆ ನೀವು ದೇವರಿಗೆ ಹೇಳ್ತೀರ" ಎಂದಳು ಅವಳು, ಬಗ್ಗಿ ಬೂಟುಗಳನ್ನು ಅವನ ಕಾಲ ಬಳಿ ಇಡುತ್ತಾ. "ದೇವರಿಗೆ ನಾನೇ ಹೇಳ್ಕೋತೀನಿ."

ಅಷ್ಟರಲ್ಲಿ ಅವನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಡ್ರಿಲ್ ಮಾಸ್ಟರು. ಅವರ ಧ್ವನಿಗೆ ಫೋನು ಬೇಕಾಗಿರಲಿಲ್ಲ, ಕಾರಿಡಾರಿಗೆಲ್ಲ ಕೇಳಿಸಿತು. "ಬ್ರದರ್! ಎಲ್ಲರೂ ಇಲ್ಲೇ ಕಾಯ್ತಾ ಇದ್ದೀವಿ. ಏನು ಸಮಾಚಾರ? ಸ್ತೋತ್ರ ಹೇಳೋಣ್ವಾ, ಕಣ್ಣೀರು ಸುರಿಸೋಣ್ವಾ?" ಅವನ ಬಾಯಿ ತೆರೆದುಕೊಂಡಿತು. ಒಳ್ಳೊಳ್ಳೆಯ ವಾಕ್ಯಗಳು, ತುಂಬಿದ ಗಂಟಲಿನವು, ಯಾವ ಸುದ್ದಿಗೂ ಹೊಂದುವಂಥವು, ಸಾಲಾಗಿ ಬಂದು ನಿಂತವು. ಹೆಂಡತಿ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಬೇರೆ ಕಡೆ ನೋಡುತ್ತಿದ್ದಳು, ಆದರೆ ಅವಳ ಕುತ್ತಿಗೆ ಕೇಳಿಸಿಕೊಳ್ಳುತ್ತಿತ್ತು.

"ಗೊತ್ತಿಲ್ಲ" ಎಂದ.

"ಅಂದ್ರೆ? ರಿಪೋರ್ಟು ಬಂದಿಲ್ವಾ?"

"ಬಂದಿದೆ. ನನಗೆ ಗೊತ್ತಿಲ್ಲ. ಅವಳು ಹೇಳಿಲ್ಲ."

ಮಾಸ್ಟರು ಇನ್ನೇನೋ ಕೇಳುವ ಮೊದಲೇ ಕರೆ ಮುಗಿಸಿದ. ಅವನು ಫೋನನ್ನು ಜೇಬಿಗೆ ಹಾಕಿದ. ನರ್ಸು ಗಾಲಿ ಕುರ್ಚಿಯನ್ನು ಎಳೆದುಕೊಂಡು ಹೋದಳು, ಅದು ನಿಜವಾಗಿ ಬೇಕಾದ ಇನ್ಯಾರೋ ಕಾಯುತ್ತಿದ್ದರು. ಲಿಫ್ಟಿನ ಮುಂದೆ ಜನ ಕಿಕ್ಕಿರಿದಿದ್ದರು. ಹೆಂಡತಿ ಮೆಟ್ಟಿಲಿನ ಕಡೆ ನಡೆದಳು, ಎರಡು ಮೆಟ್ಟಿಲಿಳಿದು, ಅವನು ಕಂಬಿ ಹಿಡಿದು ತೂರಾಡುವುದನ್ನು ನೋಡಿ ನಿಂತಳು. ಮೊಣಕೈಯನ್ನು ಸ್ವಲ್ಪ ಹೊರಗೆ ಚಾಚಿದಳು, ಹಿಡಿದುಕೊಳ್ಳಿ ಎನ್ನಲಿಲ್ಲ. ಅವನು ಹಿಡಿದುಕೊಂಡ. ಆ ಕೈ ಬೆಚ್ಚಗಿತ್ತೋ ತಣ್ಣಗಿತ್ತೋ ಅವನಿಗೆ ತಿಳಿಯಲಿಲ್ಲ. ಕೇಳಬೇಕೆನ್ನಿಸಿತು. ಮುಂದಿನ ಮೆಟ್ಟಿಲಿಗೆ ಕಾಲಿಟ್ಟ. ಜೇಬಿನಲ್ಲಿ ಫೋನು ಮತ್ತೆ ಹೊಡೆದುಕೊಳ್ಳತೊಡಗಿತು.

"ತೆಗೀರಿ, ಬೇಕಾದ್ರೆ" ಎಂದಳು.

"ಬೇಡ."

"ಹಾಗಾದ್ರೆ ಮೆಟ್ಟಿಲು ನೋಡ್ಕೊಂಡು ಇಳೀರಿ."

ಅವನು ಮೆಟ್ಟಿಲು ನೋಡಿಕೊಂಡು ಇಳಿದ.